ತಿದಿ ನಿಂತ ಗಳಿಗೆ

ಎರಡನೇ ಮಹಾಯುದ್ಧದ ಕೊನೆಯ ವರ್ಷ ನಾನು ಪುಣೆಯ ಒಂದು ಮಿಲಿಟರಿ ಆಸ್ಪತ್ರೆಯ ವರ್ಕ್‌ಶಾಪಿನಲ್ಲಿ ಮರದ ಕಾಲು ಕೆತ್ತುವ ಮಿಸ್ತ್ರಿಯಾಗಿದ್ದೆ. ಒಂದು ಸೋಮವಾರ ಸಂಜೆ, ಸವೆದ ಕತ್ತಿಯೊಂದನ್ನು ಚೀಲದಲ್ಲಿಟ್ಟುಕೊಂಡು ಕಸಬಾ ಪೇಟೆಯ ಮನೆಗೆ ಬಂದೆ. ಮನೆಯ ಮುಂದೆಯೇ ಅಣ್ಣ ಮಾನಪ್ಪನ ಕುಲುಮೆ. ಅಣ್ಣ ಬಡಿಯುತ್ತಿದ್ದ, ಅವನ ಹೆಂಡತಿ ಕಾಳವ್ವ ವೈನಿ ತಿದಿಯ ಹಗ್ಗ ಎಳೆದು ಬೆಂಕಿಗೆ ಗಾಳಿ ಕೊಡುತ್ತಿದ್ದರು. ಚಹಾ ಆಯಿತು. ಅಣ್ಣ ನನ್ನ ಕತ್ತಿಯನ್ನು ತಿರುವಿ ನೋಡಿ, ಇದರಿಂದ ಇನ್ನು ಸೌತೆಕಾಯಿ ಹೆಚ್ಚು ಎಂದ.

ಆ ಕತ್ತಿಗೆ ಸಾಹೇಬರು ಡ್ರಾನೈಫ್ ಎನ್ನುತ್ತಿದ್ದರು. ಎರಡು ತುದಿಗೂ ಹಿಡಿಕೆ, ನಡುವೆ ಎಂಟು ಇಂಚಿನ ಅಲಗು. ಮರವನ್ನು ಮೊಣಕಾಲಿಗೆ ಒತ್ತಿಟ್ಟು, ಎರಡೂ ಕೈಯಿಂದ ಎದೆಯ ಕಡೆಗೆ ಎಳೆದುಕೊಳ್ಳಬೇಕು. ಯುದ್ಧದಿಂದಾಗಿ ವಿಲಾಯತಿಯ ಕತ್ತಿ ಬರುವುದು ನಿಂತಿತ್ತು. ಅಣ್ಣ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ, ನನ್ನ ಕೈಯ ಅಳತೆಗೆ ಬಡಿದುಕೊಡುತ್ತಿದ್ದ. ಕಾಲಿನ ಮೇಲ್ಭಾಗದ ಬಟ್ಟಲು, ಅಂದರೆ ಕತ್ತರಿಸಿ ಉಳಿದ ಕಾಲು ಕೂರುವ ಸಾಕೆಟ್, ಒಳಗಿನಿಂದ ಸವರಲು ಬಾಗಿದ ಕತ್ತಿಯೇ ಬೇಕು. ಆ ಸಂಜೆ ಅಂಥ ಎರಡು ಬಡಿದಿಟ್ಟ. ಬೆಳಿಗ್ಗೆ ಹದ ಹಾಕುತ್ತೇನೆ ಎಂದ. ಬೆಳಗಾಗುವಷ್ಟರಲ್ಲಿ ಎದೆನೋವು ಬಂದು ಹೋಗಿಬಿಟ್ಟ.

ನನಗೆ ಸಿಕ್ಕಿದ್ದು ಎರಡು ದಿನದ ರಜೆ. ಕೆಲಸಕ್ಕೆ ಹೋದಾಗ ಬೆಂಚಿನ ಮೇಲೆ ಭೀಮಪ್ಪ ಕಾದಿದ್ದ. ಗೋಕಾಕ ಕಡೆಯ ಸಿಪಾಯಿ. ಬಲಗಾಲು ಮೊಣಕಾಲಿನ ಕೆಳಗೆ ನಾಲ್ಕೇ ಇಂಚು ಉಳಿದಿತ್ತು. ಅವನಿಗೆ ಕೊಟ್ಟಿದ್ದ ಮೊದಲ ಕಾಲು ಕೂತಿರಲಿಲ್ಲ.

“ಮಿಸ್ತ್ರಿ, ಇದು ನನ್ನ ಕಾಲಲ್ಲರಿ, ನಮ್ಮತ್ತಿದು,” ಎಂದ. “ಹೆಜ್ಜಿಗೊಮ್ಮೆ ಕಡೀತದ.”

ಅವನನ್ನು ಊರಿಗೆ ಕಳಿಸುವ ದಿನ ಗೊತ್ತಾಗಿತ್ತು. ಅಣ್ಣ ಹೋದ ಹನ್ನೆರಡನೆಯ ದಿನಕ್ಕೆ ಅದು ಬೀಳುತ್ತಿತ್ತು. ಸ್ಟೇಶನ್ನಿಗೆ ತಾಯಿ ಬರುತ್ತಾಳಂತೆ. ಗಾಡಿಯಿಂದ ತನ್ನನ್ನು ಹೊತ್ತು ಇಳಿಸಿದರೆ ಅವಳು ತಡೆದುಕೊಳ್ಳುವುದಿಲ್ಲ, ನಿಂತು ಇಳಿಯಬೇಕು ಎಂದು ತಲೆ ತಗ್ಗಿಸಿ ಹೇಳಿದ.

ನಮ್ಮ ಪಂಚಾಳರಲ್ಲಿ ಸೂತಕದ ಹದಿಮೂರು ದಿನ ಕುಲುಮೆ ಹೊತ್ತಿಸುವುದಿಲ್ಲ. ಹೀಗಾಗಿ ಅಣ್ಣ ಬಡಿದಿಟ್ಟ ಎರಡರಲ್ಲಿ ಒಂದು ಕತ್ತಿಯನ್ನು ಹದ ಹಾಕಲು ಬೇರೆ ಪೇಟೆಯ ಲೋಹಾರನಿಗೆ ಕೊಟ್ಟೆ. ಪಾಪ, ಆತ ಮನಸ್ಸಿಟ್ಟು ಮಾಡಿಕೊಟ್ಟ. ಅಲಗು ಬಹಳ ಹರಿತವಾಗಿತ್ತು. ಆದರೆ ಶಿವನಿ ಮರದ ಮೊದಲ ಗಂಟಿಗೇ ಅಂಚು ಸಿಡಿಯಿತು, ಬಟ್ಟಲಿಗೂ ಗೀರು ಬಿತ್ತು. ಹೊಸ ಮರ ಹಿಡಿಯಬೇಕಾಯಿತು. ಉಳಿದಿದ್ದು ಅಣ್ಣನ ಕೈಯ ಒಂದೇ ಕತ್ತಿ.

ಅದು ಒಂಬತ್ತನೆಯ ದಿನ. ವೈನಿ ಮೂಲೆಯಲ್ಲಿ ಕೂತಿದ್ದರು. ಸಿಡಿದ ಕತ್ತಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಉಗುರಿನಿಂದ ಅಂಚನ್ನು ಮುಟ್ಟಿದರು.

“ಇದು ಕ್ಷೌರದ ಕತ್ತಿಗೆ ಕೊಡೂ ಹದ, ತಮ್ಮಾ. ಗಂಟಿಗೆ ತಡಿಯೂದಿಲ್ಲ.”

ಅಣ್ಣನ ಹದ ಯಾರಿಗೆ ಬರುತ್ತದೆ ಎಂದೆ. ಅವರು ಕತ್ತಿಯನ್ನು ಕೆಳಗಿಟ್ಟರು.

“ನಿಮ್ಮಣ್ಣಗ ನಾಕು ವರ್ಷದಿಂದ ಬಣ್ಣಾ ಕಾಣ್ತಿದ್ದಿಲ್ಲ. ಬೆಂಕಿ ನೋಡಿ ನೋಡಿ ಕಣ್ಣು ಮಂಜಾಗಿದ್ವು. ನಾ ತಿದಿ ನಿಲ್ಲಿಸಿದ ಕೂಡಲೇ ಅವರು ತಗೀತಿದ್ರು. ಮಂದಿಗೆ ತಿಳೀಬಾರದು ಅಂತ ಬಾಯಿ ಬಿಟ್ಟು ಹೇಳ್ತಿದ್ದಿಲ್ಲ.”

ಹದದ ವಿಷಯ ಓದುಗರಿಗೆ ಹೇಳಬೇಕು. ಕೆಂಪಗೆ ಕಾದ ಅಲಗನ್ನು ಎಣ್ಣೆಗೆ ಅದ್ದಿದರೆ ಅದು ಗಾಜಿನಂತೆ ಗಡುಸಾಗುತ್ತದೆ. ಮತ್ತೆ ಉಜ್ಜಿ ಹೊಳಪು ತಂದು ಮೆಲ್ಲಗೆ ಕಾಯಿಸಿದರೆ ಅದರ ಮೇಲೆ ತಿಳಿಹಳದಿ, ಬೆಲ್ಲದ ಬಣ್ಣ, ನೇರಳೆ, ನೀಲಿ ಒಂದರ ಹಿಂದೊಂದು ಓಡುತ್ತವೆ. ಸರಿಯಾದ ಬಣ್ಣದಲ್ಲಿ ತೆಗೆದು ತಣಿಸಬೇಕು. ಒಂದು ಉಸಿರು ಮುಂಚೆ ತೆಗೆದರೆ ಸಿಡಿಯುತ್ತದೆ, ತಡವಾದರೆ ಮೆತ್ತಗಾಗುತ್ತದೆ.

ವೈನಿ ಎದ್ದು ಸೆರಗು ಬಿಗಿದುಕೊಂಡರು. ಬೆಳಗಾವಿಯಿಂದ ಬಂದಿದ್ದ ನಮ್ಮ ಸೋದರಮಾವ ಬಾಗಿಲಿಗೆ ಅಡ್ಡ ನಿಂತರು.

“ಸೂತಕದಾಗ ಕುಲುಮಿ ಹೊತ್ತಸ್ತೀಯೇನವಾ? ಮಂದಿ ಏನಂದಾರು?”

“ಅನ್ನಲಿ. ಅವರ ಕೈಯಾಗ ಅರ್ಧಕ್ಕ ನಿಂತ ಕೆಲಸ ಐತಿ, ಮಾವಾ. ಅದನ್ನ ಹಂಗ ಬಿಟ್ಟು ನಾ ಹ್ಯಾಂಗ ಅವರ ಹದಿಮೂರನೇ ದಿನಾ ಮಾಡ್ಲಿ?”

ಮಾವ ಪಕ್ಕಕ್ಕೆ ಸರಿದರು. ಇದ್ದಿಲು ತುಂಬಿಕೊಟ್ಟವರೂ ಅವರೇ.

ನಾನು ಇಕ್ಕಳ ಹಿಡಿದೆ. ಅಲಗು ಕೆಂಪಾಯಿತು, ಎಣ್ಣೆಗೆ ಅದ್ದಿದೆ, ಉಜ್ಜಿ ಹೊಳಪು ತಂದು ಮತ್ತೆ ಕಾವಿಗೆ ಹಿಡಿದೆ. ತಿದಿ ಮೆಲ್ಲಗೆ ಉಸಿರಾಡುತ್ತಿತ್ತು. ಕಬ್ಬಿಣ ನೋಡಬೇಕಾಗಿದ್ದವನು ನಾನು ವೈನಿಯ ಮುಖ ನೋಡುತ್ತಿದ್ದೆ. ಅವರ ಕಣ್ಣಲ್ಲಿ ನೀರಿರಲಿಲ್ಲ. ಕಣ್ಣುಗಳು ಅಲಗಿನ ಮೇಲೆ ನೆಟ್ಟಿದ್ದವು. ತಿದಿ ನಿಂತಿತು. ತೆಗೆದು ಅದ್ದಿದೆ.

ಆ ಕತ್ತಿ ಗಂಟನ್ನು ಬೆಣ್ಣೆಯಂತೆ ಕೊಯ್ಯಿತು. ಎರಡೂವರೆ ದಿನದಲ್ಲಿ ಭೀಮಪ್ಪನ ಕಾಲು ಮುಗಿಸಿದೆ. ಅವನು ಬೆಂಚು ಹಿಡಿದು ನಿಂತ, ಬೆಂಚು ಬಿಟ್ಟ, ಬಾಗಿಲ ತನಕ ಹೋಗಿ ತಿರುಗಿ ಬಂದ. ಅತ್ತೆ ಹ್ಯಾಂಗಿದ್ದಾಳೆ ಎಂದು ಕೇಳಿದೆ. “ಇವತ್ತ ಸುಮ್ಮನದಾಳ್ರಿ,” ಎಂದ. ತಿಂಗಳ ಮೇಲೆ ಬಂದ ಕಾರ್ಡಿನಲ್ಲಿ, ಗಾಡಿಯಿಂದ ನಿಂತೇ ಇಳಿದೆ, ಅವ್ವ ಮೊದಲು ಕಾಲು ಮುಟ್ಟಿ ನೋಡಿ ಆಮೇಲೆ ನನ್ನ ಮುಖ ನೋಡಿದಳು ಎಂದು ಬರೆಸಿದ್ದ. ಅದನ್ನು ವೈನಿಗೆ ಎರಡು ಸಲ ಓದಿ ಹೇಳಿದೆ.

ಒಳ್ಳೆಯ ಉಪಕರಣ ಕೈಗೆ ಬಂದಾಗ ಮಾಡಿದವರ ಹೆಸರು ಕೇಳಿ ಸುಮ್ಮನಾಗಬಾರದು, ಅವರ ಪಕ್ಕದಲ್ಲಿ ಯಾರು ನಿಂತಿದ್ದರು ಎಂದೂ ಕೇಳಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಆಮೇಲೂ ನಾನು ನಿವೃತ್ತನಾಗುವವರೆಗೆ, ಬೇರೆಯವರಿಂದ ಬಡಿಸಿ ತಂದ ಐದಾರು ಕತ್ತಿಗಳಿಗೆ ವೈನಿಯೇ ತಿದಿ ಹಿಡಿದರು. ಪ್ರತಿ ಸಲವೂ ನಾನು ಅವರ ಮುಖವನ್ನೇ ನೋಡಿದೆ. ಹೇಗೂ ಅವರಿದ್ದಾರಲ್ಲ ಎಂದುಕೊಂಡು, ಬಣ್ಣದ ಗುರುತನ್ನು ಅವರಿಂದ ಕೇಳಿ ಕಲಿಯಲಿಲ್ಲ. ಈ ವರ್ಷ ವೈನಿಯೂ ಹೋದರು. ತಿದಿ ನಿಂತಾಗ ಅಲಗಿನ ಮೇಲೆ ಯಾವ ಬಣ್ಣ ಇರುತ್ತಿತ್ತು ಎಂಬುದು ನನಗೆ ಗೊತ್ತಿಲ್ಲ.