ಸ್ತೆರ್ಗೊಸ್ ಸತ್ತ ತಿರುವು

ಅದರ ಹಿಂದಿನ ದಿನ ಬಂದರಿಗೆ ಪ್ರವಾಸಿಗರ ಹಡಗು ಬಂದಿರಲಿಲ್ಲ. ಹಡಗಿಲ್ಲದ ದಿನ ನನ್ನ ಗಂಡ ಸ್ತೆರ್ಗೊಸ್ ಮನೆಯಲ್ಲಿರುತ್ತಿದ್ದ. ಮನೆಯಲ್ಲಿದ್ದರೆ ಕಾಲಿಗೆ ಅಡ್ಡ ಬರುತ್ತಿದ್ದ. ಅವತ್ತು ಓಣಿಯಲ್ಲಿ ಪೈಪು ಎಳೆದುಕೊಂಡು ವ್ಯಾನು ತೊಳೆದ. ನೀರೆಲ್ಲ ಹರಿದು ಎದುರುಮನೆ ಅನಥಿಯ ಹೊಸ್ತಿಲಿಗೆ ಹೋಯಿತು.

"ಏನೋ ಸ್ತೆರ್ಗೊ, ವ್ಯಾನಿಗೆ ಜ್ಞಾನಸ್ನಾನ ಮಾಡಿಸ್ತಿದ್ದೀಯಾ?" ಎಂದು ಅವಳು ಪೊರಕೆ ಹಿಡಿದುಕೊಂಡೇ ಕೂಗಿದಳು.

"ಹೂಂ ಕಣೇ. ಬಾ, ನೀನೇ ಧರ್ಮತಾಯಿ. ಹೆಸರಿಡು."

"ನೀರುಗಳ್ಳ ಅಂತ ಇಡು."

ಒಳಗೆ ಬಂದವನೇ ಬಾಣಲೆಯಿಂದ ಪುದಿನ ಹಾಕಿದ ಕಡಲೆ ವಡೆಯೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡ. ನಾಲಿಗೆ ಸುಟ್ಟಿತು. ಬೈಗುಳ ತಿಂದವಳು ನಾನು. ಮಧ್ಯಾಹ್ನ ಗೊರಕೆ ಹೊಡೆದ. ಸಂಜೆ ಕಾಫಿ ಅಂಗಡಿಯಲ್ಲಿ ದಾಳದಾಟ ಆಡಿ ಸೋತ, ದಾಳವೇ ಮೋಸದ್ದು ಎಂದು ಗೊಣಗುತ್ತಾ ಬಂದು ಮಲಗಿದ. ಅಷ್ಟೇ. ಅಂಥ ದಿನಗಳು ಎಷ್ಟು ಹೋಗಿದ್ದವೋ. ಲೆಕ್ಕ ಇಟ್ಟವರು ಯಾರು.

ಸ್ತೆರ್ಗೊಸನ ಅಪ್ಪ ಕಲ್ಲಂಗಡಿ ಬೆಳೆಯುತ್ತಿದ್ದ. ಮೀಸೆ ಚಿಗುರುವ ಮೊದಲೇ ಇವನು ಅದನ್ನು ಲಾರಿಯಲ್ಲಿ ಹೇರಿಕೊಂಡು ನಮ್ಮ ದ್ವೀಪದ ದೊಡ್ಡ ಊರಾದ ರೋಡ್ಸ್ ಪಟ್ಟಣದ ಮಾರುಕಟ್ಟೆಗೆ ಹೋಗುತ್ತಿದ್ದ. ಒಂದು ಹಣ್ಣೂ ಒಡೆಯದಂತೆ ಓಡಿಸುವುದನ್ನು ಅಲ್ಲಿ ಕಲಿತ. ಮಿಲಿಟರಿಯಲ್ಲಿ ಮಿನಾಸ್ ಗೆಳೆಯನಾದ. ನಮ್ಮ ಮದುವೆಯಲ್ಲಿ ಪಾದ್ರಿಯ ಮುಂದೆ ನಮ್ಮಿಬ್ಬರ ತಲೆಯ ಮೇಲೆ ಹೂಕಿರೀಟ ಹಿಡಿದು ಅದಲುಬದಲು ಮಾಡಿದವನು ಆ ಮಿನಾಸನೇ. ಕಿರೀಟ ಹಿಡಿದವನು ಒಡಹುಟ್ಟಿದವನಿಗಿಂತ ಹತ್ತಿರ. ಅವನು ನನ್ನನ್ನು ಅತ್ತಿಗೆ ಎನ್ನುತ್ತಿದ್ದ. ಈಸ್ಟರ್ ಹಬ್ಬದ ಕುರಿಯ ಮೊದಲ ತುಂಡು ಅವನ ತಟ್ಟೆಗೇ ಹೋಗುತ್ತಿತ್ತು.

ಮಿನಾಸ್ ಬಂದರಿನ ಹತ್ತಿರ ಪ್ರವಾಸದ ಆಫೀಸು ತೆರೆದಾಗ ಸ್ತೆರ್ಗೊಸ್ ಲಾರಿ ಬಿಟ್ಟು ವ್ಯಾನು ಹತ್ತಿದ. ಬೆಳಿಗ್ಗೆ ಹಡಗಿನಿಂದ ಇಳಿದವರನ್ನು ಹತ್ತಿಸಿಕೊಳ್ಳುವುದು, ಲಿಂದೋಸಿನ ಕೋಟೆ, ಏಳು ಬುಗ್ಗೆಗಳು, ಜೇನಿನ ಅಂಗಡಿ ತೋರಿಸಿ ಊಟದ ಹೊತ್ತಿಗೆ ಹಡಗಿಗೆ ವಾಪಸು ಬಿಡುವುದು. ಖಾಸಗಿ ಅರ್ಧ ದಿನದ ಟೂರು. ಬಸ್ಸಿನಲ್ಲಿ ಹೋದರೆ ಬಸ್ಸು ನಿಂತಲ್ಲಿ ಇಳಿಯಬೇಕು. ಖಾಸಗಿಯಲ್ಲಿ ಗಿರಾಕಿ ಹೇಳಿದ ಕಡೆ ನಿಲ್ಲಿಸಬೇಕು. ಅದೇ ಅದರ ನಿಯಮ.

ನಮ್ಮ ರಸ್ತೆಯ ತಿರುವುಗಳಲ್ಲೆಲ್ಲ ದೀಪದ ಗೂಡುಗಳಿವೆ. ಕಬ್ಬಿಣದ ಕಾಲಿನ ಮೇಲೆ ಪುಟ್ಟ ಪೆಟ್ಟಿಗೆ, ಮುಂದೆ ಗಾಜಿನ ಬಾಗಿಲು, ಒಳಗೆ ಒಬ್ಬ ಸಂತನ ಪಟ, ಎಣ್ಣೆ ದೀಪ. ಯಾರೋ ಅಲ್ಲಿ ಸತ್ತಿರುತ್ತಾರೆ, ಮನೆಯವರು ನಿಲ್ಲಿಸಿರುತ್ತಾರೆ. ಕೆಲವು ಕಡೆ ಸಾಯಬೇಕಾದವರು ಬದುಕಿರುತ್ತಾರೆ, ಹರಕೆಯೆಂದು ಅವರೇ ನಿಲ್ಲಿಸಿರುತ್ತಾರೆ. ನೋಡಲು ಎರಡೂ ಒಂದೇ. ಊರವರಿಗೆ ಮಾತ್ರ ಯಾವುದು ಯಾರದೆಂದು ಗೊತ್ತು.

ಸ್ತೆರ್ಗೊಸ್ ಗೂಡು ಕಂಡಲ್ಲೆಲ್ಲ ಸ್ಟೀರಿಂಗಿನಿಂದ ಕೈ ತೆಗೆದು ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದ. ಹಿಂದೆ ಕೂತ ಗಿರಾಕಿಗಳು ಕಿರುಚುತ್ತಿದ್ದರು. ಈ ಪುಟ್ಟ ಚರ್ಚುಗಳು ಯಾಕೆ ಎಂದು ಯಾರಾದರೂ ಕೇಳಿದರೆ ಇದ್ದದ್ದನ್ನು ಹೇಳುತ್ತಿದ್ದ. ಇಲ್ಲಿ ಬ್ರೆಡ್ಡಿನವನ ಮಗ, ಅಲ್ಲಿ ಮೇಷ್ಟ್ರು, ಆ ಕೆಳಗಿನದು ಬೈಕಿನಲ್ಲಿ ಹೋದ ಹೊಸ ಜೋಡಿ. ಗಿರಾಕಿಗಳು ಕ್ಯಾಮೆರಾ ಕೆಳಗಿಡುತ್ತಿದ್ದರು.

ನಮ್ಮ ಮನೆಯ ಊಟದ ಮೇಜಿನಲ್ಲೇ ಮಿನಾಸ್ ಒಮ್ಮೆ ಬೈದ. "ರಜೆಗೆ ಬಂದೋರಿಗೆ ಹೆಣದ ಲೆಕ್ಕ ಯಾಕೋ ಕೊಡ್ತೀಯ? ಜೇನುಪೆಟ್ಟಿಗೆ ಅನ್ನು, ಮುಗೀತು."

"ಜೇನುಪೆಟ್ಟಿಗೆಗೆ ಕೈ ಮುಗಿಯೋ ಪೆದ್ದ ಅಂದ್ಕೊಳ್ಳಲ್ವಾ ನನ್ನ?"

"ಈಗ ಮಾತ್ರ ಬುದ್ಧಿವಂತ ಅಂದ್ಕೊಂಡಿದ್ದಾರಾ?"

ಮೂವರೂ ನಕ್ಕೆವು. ನಾನೂ ನಕ್ಕೆ.

ವಡೆ ತಿಂದ ಮರುದಿನ ಅವನು ಹಡಗಿನಿಂದ ಇಳಿದ ವಯಸ್ಸಾದ ಗಂಡಹೆಂಡತಿಯನ್ನು ಕರೆದುಕೊಂಡು ಹೋದ. ಲಿಂದೋಸಿನಿಂದ ಬರುವಾಗ ನಮ್ಮ ಊರಿನ ಕೆಳಗಿನ ತಿರುವಿನಲ್ಲಿ, ಬಾಡಿಗೆಯ ನಾಲ್ಕು ಚಕ್ರದ ಬೈಕಿನಲ್ಲಿ ಒಬ್ಬ ಪ್ರವಾಸಿ ಇವನ ಬದಿಗೇ ನುಗ್ಗಿ ಬಂದ. ಬಲಗಡೆ ಸಮುದ್ರ, ಎಡಗಡೆ ಬಂಡೆ. ಸ್ತೆರ್ಗೊಸ್ ಎಡಕ್ಕೆ ಎಳೆದ. ಸ್ಟೀರಿಂಗು ಇರುವ ಬದಿ ಬಂಡೆಗೆ ಬಡಿಯಿತು. ಬೈಕಿನವನಿಗೆ ಏನೂ ಆಗಲಿಲ್ಲ. ಹಿಂದೆ ಕೂತಿದ್ದ ಮುದುಕಿಯ ಮಣಿಕಟ್ಟು ಮುರಿಯಿತು, ಮುದುಕನಿಗೆ ತರಚು ಗಾಯವೂ ಇಲ್ಲ. ನನ್ನ ಗಂಡ ಅಲ್ಲೇ ಹೋದ.

ಸತ್ತವನ ಹೆಸರಲ್ಲಿ ನಲವತ್ತನೇ ದಿನ ಹಂಚುವ ಗೋಧಿ ಬೇಯಿಸುವ ಮೊದಲೇ ಮಿನಾಸ್ ಬಂದ.

"ಅತ್ತಿಗೆ, ಗೂಡಿನ ಚಿಂತೆ ನಿಮಗೆ ಬೇಡ. ನಾನು ಕಟ್ಟಿಸ್ತೀನಿ. ಕಬ್ಬಿಣದ್ದಲ್ಲ, ಕಲ್ಲಿಂದು."

"ಅವನ ಫೋಟೋ ಕೊಡ್ಲಾ?"

"ಆಮೇಲೆ ಇಡೋಣ. ಮೊದಲು ಗಾಜು ಕೂರಲಿ."

ನಾನು ಅವನ ಭುಜಕ್ಕೆ ತಲೆಯಾನಿಸಿ ಅತ್ತೆ. ಈಗ ನೆನೆದರೆ ಮೈ ಉರಿಯುತ್ತದೆ.

ಗೂಡು ಎದ್ದಿತು. ನೀಲಿ ಗುಮ್ಮಟ, ಬಿಳಿ ಗೋಡೆ, ಒಳಗೆ ಮಗುವನ್ನೆತ್ತಿಕೊಂಡ ದೇವಮಾತೆ ಪನಗಿಯಾ. ಚಳಿಗಾಲ ಪೂರ್ತಿ ನಾನು ಮೇಕೆ ದಾರಿ ಇಳಿದು ಹೋಗಿ ದೀಪ ಹಚ್ಚಿದೆ. ಗಾಜಿಗೆ ಮುತ್ತಿಟ್ಟೆ. ಸ್ತೆರ್ಗೊಸನ ಜೊತೆ ಮಾತಾಡಿದೆ. ಫೋಟೋ ಎಂದಾಗಲೆಲ್ಲ ಮಿನಾಸ್ ಆಮೇಲೆ ಎಂದ. ವಸಂತದಲ್ಲಿ ಗೂಡಿನ ಪಕ್ಕ ಜಲ್ಲಿ ಹಾಸಿ ಮಟ್ಟ ಮಾಡಿಸಿದ. ನನ್ನ ಮೊಣಕಾಲು ನೋವು ನೆನೆದು ಮಾಡಿಸಿದ ಎಂದುಕೊಂಡೆ. ನನಗೆ ಬುದ್ಧಿ ಇಲ್ಲ.

ಹಡಗುಗಳು ಬಂದವು. ಜಲ್ಲಿಯ ಮೇಲೆ ವ್ಯಾನುಗಳು ನಿಂತವು.

ಒಂದು ಬೆಳಿಗ್ಗೆ ಗಾಜು ಒರೆಸುತ್ತಿದ್ದೆ. ಬೆನ್ನ ಹಿಂದೆ ಕ್ಯಾಮೆರಾ ಸದ್ದು. ಟೋಪಿ ಹಾಕಿದ ಹೆಂಗಸೊಬ್ಬಳು ನಗುತ್ತಾ ಬಂದಳು. ಹೋಟೆಲಿನಲ್ಲಿ ವರ್ಷಗಟ್ಟಲೆ ಹೊದಿಕೆ ಒಗೆದವಳು ನಾನು, ಅವರ ಮಾತು ನನಗೆ ತಿಳಿಯುತ್ತದೆ.

"ದಿನಾ ಬರ್ತೀರಾ?"

"ಬರ್ತೀನಿ."

"ಎಷ್ಟು ಚೆಂದ! ಪವಾಡ ಆದ ಜಾಗ ಅಲ್ವಾ? ಅಷ್ಟು ದೊಡ್ಡ ಆಕ್ಸಿಡೆಂಟಂತೆ, ಇಬ್ರೂ ಉಳ್ಕೊಂಡ್ರಂತೆ. ಪುಣ್ಯ, ಯಾರೂ ಸಾಯ್ಲಿಲ್ಲ."

"ಯಾರು ಹೇಳಿದ್ದು?"

"ನಮ್ಮ ಡ್ರೈವರ್."

ಡ್ರೈವರ್ ಫಿಲಿಮೊನ್. ನಮ್ಮ ಓಣಿಯವನು. ಸ್ತೆರ್ಗೊಸನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ವ್ಯಾನಿನ ಆಚೆ ಬದಿ ನಿಂತು, ಆ ಬದಿಯ ಕನ್ನಡಿಯನ್ನು ಒರೆಸಿದ್ದೇ ಒರೆಸಿದ್ದು. ನನ್ನ ಕಡೆ ತಿರುಗಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ವ್ಯಾನು ಹೊರಟುಹೋಗಿ, ಒರೆಸಿದ ಗಾಜಿನ ಮೇಲೆ ಧೂಳು ಕೂತಿತ್ತು.

ಆಗ ಅರ್ಥವಾಯಿತು. ಮಿನಾಸ್ ಕಟ್ಟಿಸಿದ್ದು ನನ್ನ ಗಂಡನ ಗೂಡಲ್ಲ. ತನ್ನ ಗಿರಾಕಿಗಳು ಬದುಕಿದ ಹರಕೆಯ ಗೂಡು. ಸತ್ತವನ ಜಾಗದಲ್ಲಿ ಸತ್ತವನನ್ನೇ ಒರೆಸಿ ಹಾಕಿದ್ದ. ನಾನು ಅದಕ್ಕೆ ಎಣ್ಣೆ ಹೊಯ್ಯುತ್ತಿದ್ದೆ. ವಿಧವೆಯ ಕಪ್ಪು ಬಟ್ಟೆ ತೊಟ್ಟ ಮುದುಕಿ, ಫೋಟೋಗೆ ಒಳ್ಳೆಯದು.

ಅನಥಿಯ ಮಗಳ ಕೈಲಿ ಮಿನಾಸನ ಆಫೀಸಿಗೆ ಫೋನ್ ಮಾಡಿಸಿದೆ. ಒಬ್ಬ ಹೆಂಗಸು, ಖಾಸಗಿ ಅರ್ಧ ದಿನ, ಡ್ರೈವರ್ ಫಿಲಿಮೊನ್ ಆಗಬೇಕು, ನಾನು ಕೆಲಸ ಮಾಡಿದ್ದ ಹೋಟೆಲಿನ ಬಾಗಿಲಿಗೆ ಬರಬೇಕು.

ಬಂದ. ನನ್ನನ್ನು ಕಂಡು ಕಿಟಕಿ ಇಳಿಸಿದ.

"ಅಕ್ಕಾ, ಇಲ್ಲೇನ್ ಮಾಡ್ತಿದ್ದೀರಾ? ಪಕ್ಕಕ್ಕೆ ಬನ್ನಿ, ಗಿರಾಕಿ ಬರ್ತಾರೆ."

"ನಾನೇ ಗಿರಾಕಿ. ಇಳಿದು ಬಾಗಿಲು ತೆಗಿ. ಅವರಿಗೆ ತೆಗೀತೀಯಲ್ಲ."

ತೆಗೆದ. ಸ್ತೆರ್ಗೊಸ್ ಅಷ್ಟು ವರ್ಷ ಓಡಿಸಿದರೂ ನಾನು ಹಿಂದಿನ ಸೀಟಿನಲ್ಲಿ ಕೂತಿರಲಿಲ್ಲ. ಸೀಟು ಮೆತ್ತಗಿತ್ತು. ತಣ್ಣನೆಯ ನೀರಿನ ಬಾಟಲಿ ಕೂಡ ಇಟ್ಟಿದ್ದರು.

"ಎಲ್ಲಿಗ್ ಹೋಗೋಣ ಅಕ್ಕ?"

"ಟೂರಿಗೆ. ಅವರಿಗೆ ತೋರಿಸೋದೆಲ್ಲ ತೋರಿಸು, ಹೇಳೋದೆಲ್ಲ ಹೇಳು."

"ನೀವು ಹುಟ್ಟಿದ ಊರು. ನಾನೇನ್ ಹೇಳ್ಲಿ ನಿಮಗೆ?"

"ದುಡ್ಡು ಕಟ್ಟಿದ್ದೀನಿ. ಹೇಳು."

ಪಾಪ, ಹೇಳಿದ. ಬುಗ್ಗೆಯ ನವಿಲುಗಳನ್ನು ತೋರಿಸಿದ. ಲಿಂದೋಸಿನಲ್ಲಿ ಕೋಟೆ ಹತ್ತಲು ಕತ್ತೆ ಬೇಕಾ ಎಂದು ಕೇಳಿ, ನನ್ನ ಮುಖ ನೋಡಿ ವ್ಯಾನು ತಿರುಗಿಸಿದ. ಜೇನಿನ ಅಂಗಡಿಯವಳು ನನ್ನನ್ನು ಗುರುತಿಸಿ, "ಏನು ಸೆವಾಸ್ತಿ, ರಾಣಿ ಥರ ಹಿಂದೆ ಕೂತಿದ್ದೀಯ?" ಎಂದಳು. "ಇವತ್ತು ನಾನು ಹಡಗಿನವಳು" ಎಂದೆ. ಫಿಲಿಮೊನ್ ಬೆವರು ಒರೆಸಿಕೊಂಡ. ಬರುವಾಗ ತಿರುವು ಹತ್ತಿರವಾದಂತೆ ಅವನು ಜೋರು ಮಾಡಿದ.

"ನಿಲ್ಸು. ಖಾಸಗಿ ಟೂರು, ಹೇಳಿದ ಕಡೆ ನಿಲ್ಲಿಸಬೇಕು."

ಜಲ್ಲಿಯ ಮೇಲೆ ನಿಲ್ಲಿಸಿದ.

"ಈಗ ಹೇಳು. ಇದೇನು?"

"ಬೇಡ ಅಕ್ಕಾ."

"ಹೇಳು."

ಅವನು ಎದುರಿನ ಗಾಜು ನೋಡುತ್ತಾ, ಶಾಲೆಯ ಮಕ್ಕಳು ಪಾಠ ಒಪ್ಪಿಸುವಂತೆ ಹೇಳಿದ. "ಹೋದ ವರ್ಷ ಇಲ್ಲಿ ದೊಡ್ಡ ಅಪಘಾತ. ನಮ್ಮ ಕಂಪನಿಯ ಇಬ್ಬರು ಅತಿಥಿಗಳನ್ನ ಪನಗಿಯಾ ಮಾತೆ ಉಳಿಸಿದಳು. ಐದು ನಿಮಿಷ ಇದೆ, ಫೋಟೋ ತೆಗೆದುಕೊಳ್ಳಬಹುದು."

"ಯಾರಾದ್ರೂ ಸತ್ರಾ?"

ಅವನು ಹೊರಡಲು ಗೇರಿಗೆ ಕೈ ಹಾಕಿದ.

"ಅವರು ಕೇಳ್ತಾರಲ್ಲ. ನಾನೂ ಕೇಳ್ತಿದ್ದೀನಿ. ಯಾರಾದ್ರೂ ಸತ್ರಾ?"

"ಮಿನಾಸ್ ಹೇಳಿಕೊಟ್ಟಿದ್ದು ಅಕ್ಕ. ಹಾಗನ್ನದಿದ್ರೆ ಬೇರೆ ಡ್ರೈವರ್ ನೋಡ್ಕೋತೀನಿ ಅಂದ. ಮೂರು ಮಕ್ಕಳಿದ್ದಾರೆ ನನಗೆ."

"ಮಕ್ಕಳ ಹಿಂದೆ ಅಡಗಬೇಡ. ನನ್ನ ಗಂಡ ನಿನಗೆ ಡ್ರೈವಿಂಗ್ ಕಲಿಸಿದೋನು."

ಫಿಲಿಮೊನ್ ಸ್ಟೀರಿಂಗಿನ ಮೇಲೆ ಹಣೆ ಇಟ್ಟ. "ಸತ್ತ. ಸ್ತೆರ್ಗೊಸ್ ಸತ್ತ." ಹಾರ್ನ್ ಒತ್ತಿಹೋಗಿ ಕೂಗಿತು. ಮೇಲಿನ ಮೇಕೆಗಳು ಚದುರಿದವು.

"ಟೂರು ಇನ್ನೂ ಮುಗಿದಿಲ್ಲ. ಮಿನಾಸನ ಆಫೀಸಿಗೆ ನಡಿ."

ಆಫೀಸಿನ ತುಂಬ ಹಡಗಿನವರು. ಮಿನಾಸ್ ನನ್ನನ್ನು ಕಂಡು ಎದ್ದು, ಕೈ ಚಾಚಿಕೊಂಡು ಬಂದ.

"ಅತ್ತಿಗೆ, ಒಳಗೆ ಬನ್ನಿ, ಕಾಫಿ ತರಿಸ್ತೀನಿ."

"ನಿನ್ನ ಕಾಫಿಗೆ ಬೆಂಕಿ ಬೀಳ. ಅವನ ಫೋಟೋ ಯಾವಾಗ ಇಡ್ತೀಯ?"

"ಮೆಲ್ಲಗೆ. ಜನ ಇದ್ದಾರೆ."

"ಜನ ಇದ್ದಾರೆ ಅಂತಲೇ ಬಂದಿದ್ದು."

ಅವನು ಹಲ್ಲು ಕಚ್ಚಿಕೊಂಡು ನಕ್ಕ. "ಸ್ವಲ್ಪ ಯೋಚನೆ ಮಾಡಿ. ನನ್ನ ವ್ಯಾನಲ್ಲಿ ಡ್ರೈವರ್ ಸತ್ತ ಅಂದ್ರೆ ಯಾರು ಹತ್ತುತ್ತಾರೆ? ಸೀಸನ್ ಮುಗೀಲಿ, ಆಮೇಲೆ ಇಡೋಣ."

"ಸೀಸನ್ ಮುಗಿದ ಮೇಲೆ ಯಾರು ನೋಡ್ತಾರೆ? ಮೇಕೆಗಳಾ?"

"ಆ ಗೂಡು ನನ್ನದು ಅತ್ತಿಗೆ. ಕಟ್ಟಿಸಿದೋನು ನಾನು."

"ಜಾಗ ಅವನದು. ಅಲ್ಲಿ ಸುರಿದದ್ದು ನಿನ್ನ ರಕ್ತ ಅಲ್ಲ. ಇನ್ನು ನನ್ನ ಅತ್ತಿಗೆ ಅನ್ನಬೇಡ. ಅವತ್ತು ಕಿರೀಟ ಹಿಡಿದ ಕೈ ಸೇದಿ ಹೋಗ್ಲಿ."

ಅಂಥ ಮಾತು ಆಡಬಾರದಂತೆ. ಪಾದ್ರಿ ಆಮೇಲೆ ಬಂದು ಬುದ್ಧಿ ಹೇಳಿದರು. ಕೇಳಿಸಿಕೊಂಡೆ, ಹಿಂತೆಗೆದುಕೊಳ್ಳಲಿಲ್ಲ. ಹಡಗಿನವರ ಕಡೆ ತಿರುಗಿ, ನನಗೆ ಬರುವ ಅವರ ಭಾಷೆಯಲ್ಲಿ ಹೇಳಿದೆ: ಆ ನೀಲಿ ಗುಮ್ಮಟದ ಹತ್ತಿರ ನನ್ನ ಗಂಡ ಸತ್ತ, ಹೆಸರು ಸ್ತೆರ್ಗೊಸ್, ಗಿರಾಕಿಗಳನ್ನು ಉಳಿಸಲು ಬಂಡೆಗೆ ತಿರುಗಿಸಿದ. ಒಬ್ಬ ಮುದುಕ ಟೋಪಿ ತೆಗೆದ. ಉಳಿದವರು ನೆಲ ನೋಡಿದರು.

ಕಮ್ಮಾರನಿಂದ ಕಬ್ಬಿಣದ ಗೂಡು ಮಾಡಿಸಿದೆ. ಗುಮ್ಮಟವಿಲ್ಲ, ನೀಲಿಯಿಲ್ಲ. ಒಂದು ಭಾನುವಾರ ಫಿಲಿಮೊನ್ ಹೇಳದೆ ಕೇಳದೆ ಸಿಮೆಂಟು ಹೊತ್ತುಕೊಂಡು ಬಂದ. ನೀಲಿ ಗುಮ್ಮಟದ ಪಕ್ಕದಲ್ಲೇ ಹಳ್ಳ ತೋಡಿದ, ಕಾಲುಗಳನ್ನು ನಿಲ್ಲಿಸಿದ. ನೀರು ಕೊಟ್ಟೆ, ಕುಡಿದ. ಕಲ್ಲಂಗಡಿ ಲಾರಿಗೆ ಒರಗಿ ನಿಂತ ಸ್ತೆರ್ಗೊಸನ ಫೋಟೋವನ್ನು ನಾನೇ ಇಟ್ಟೆ. ಕೆಳಗೆ ಅವನ ಹೆಸರು, ನಮ್ಮ ಲಿಪಿಯಲ್ಲೂ ಹಡಗಿನವರ ಲಿಪಿಯಲ್ಲೂ.

ಆ ವಾರದಿಂದ ಮಿನಾಸನ ವ್ಯಾನುಗಳು ಅಲ್ಲಿ ನಿಲ್ಲುವುದಿಲ್ಲ. ಸತ್ತವನ ಮುಖ ಇರುವ ಕಡೆ ಪವಾಡ ಮಾರಲಾಗುವುದಿಲ್ಲವಲ್ಲ. ಈಗ ಮುಂದಿನ ಗುಡ್ಡದ ಮೇಲೆ ನಿಲ್ಲಿಸಿ ಸಮುದ್ರ ತೋರಿಸುತ್ತಾರಂತೆ. ಫಿಲಿಮೊನ್‌ನನ್ನು ಮಿನಾಸ್ ಕೆಲಸದಿಂದ ತೆಗೆದುಹಾಕಿದ, ಅವನೀಗ ಬೇರೆಯವರ ಟ್ಯಾಕ್ಸಿ ಓಡಿಸುತ್ತಾನೆ. ಈಸ್ಟರಿಗೆ ಮಿನಾಸ್ ಹಬ್ಬಕ್ಕೆ ಹಂಚುವ ಕೆಂಪು ಬಣ್ಣದ ಮೊಟ್ಟೆ ಕಳಿಸಿದ್ದ. ತಂದವಳ ಕೈಯಲ್ಲೇ ವಾಪಸು ಕಳಿಸಿದೆ. ಕಾಲ ಕಳೆದಂತೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನದು ಇಳಿದಿಲ್ಲ.

ಮಿನಾಸ್ ತನ್ನ ಗೂಡಿನ ಕಡೆ ತಿರುಗಿಯೂ ನೋಡುತ್ತಿಲ್ಲ. ಗುಮ್ಮಟದ ಬಣ್ಣ ಉದುರುತ್ತಿದೆ. ಆದರೆ ಆ ಇಬ್ಬರು ಬದುಕಿದ್ದು ಸುಳ್ಳಲ್ಲ. ಮಗುವನ್ನೆತ್ತಿಕೊಂಡ ತಾಯಿಯನ್ನು ಕತ್ತಲೆಯಲ್ಲಿ ಕೂರಿಸಲು ನನಗೆ ಮನಸ್ಸಾಗುವುದಿಲ್ಲ. ಬೆಳಿಗ್ಗೆ ಕೋಳಿಗೆ ಕಾಳು ಹಾಕಿ ತಿರುವಿಗೆ ಇಳಿಯುತ್ತೇನೆ. ಮೊದಲು ಸ್ತೆರ್ಗೊಸನ ಗಾಜು ಒರೆಸುತ್ತೇನೆ, ಸುಟ್ಟ ಬತ್ತಿ ಕಿತ್ತು ಹೊಸದು ಹಾಕಿ, ಎಣ್ಣೆ ಹೊಯ್ದು ಹಚ್ಚುತ್ತೇನೆ. ಆಮೇಲೆ ಪಕ್ಕದ್ದನ್ನು.