ಅಂಕಲ್ ನಿಲ್ಲಿಸುತ್ತಿದ್ದ ಜಾಗ

ಕೆಳಗಿನ ಮನೆಯ ಅಂಕಲ್‌ನ ಎಡಗೈ ಬೆರಳ ತುದಿಗಳು ಹುಣಸೆ ಬೀಜದಷ್ಟು ಗಟ್ಟಿ. ಕುದಿಯುವ ಚಹಾದ ಲೋಟವನ್ನು ಆ ತುದಿಗಳಲ್ಲೇ ಹಿಡಿದು ನಿಧಾನವಾಗಿ ಮಾತಾಡುತ್ತಿದ್ದರು.

ಗಲ್ಫ್‌ನ ಸೀಬ್ ಪಟ್ಟಣದ ನಮ್ಮ ಕಟ್ಟಡದವರಿಗೆ ಅವರು ತೈಲ ಕಂಪನಿಗೆ ಪೈಪ್‌ಲೈನಿನ ನಕ್ಷೆ ಬರೆಯುವ ಮಂಗಳೂರಿನವರು, ಅಷ್ಟೇ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಪೋಸ್ಟ್-ಪಂಕ್ ಬ್ಯಾಂಡ್ ಒಂದರಲ್ಲಿ ಗಿಟಾರ್ ನುಡಿಸುತ್ತಿದ್ದೆ ಅನ್ನುತ್ತಿದ್ದರು. ಹಾಗಂದರೇನು ಎಂದು ಕೇಳಿದೆ. ಪಂಕ್ ರಾಕ್‌ನವರು ಕಿರುಚಿ ಸುಸ್ತಾದ ಮೇಲೆ ಅದೇ ಸಿಟ್ಟನ್ನು ತಣ್ಣಗೆ, ಕಡಿಮೆ ಸ್ವರಗಳಲ್ಲಿ ಹೇಳುವುದು ಎಂದರು. ನಾಲ್ಕು ವರ್ಷ, ಒಂದೇ ಕ್ಯಾಸೆಟ್ಟು. ಕವರಿನಲ್ಲಿ ಹಾಡುವವನ ಹೆಸರಿತ್ತು, ಡ್ರಮ್ಮಿನವನದಿತ್ತು. ಇವರದು ಜಾಗ ಸಾಲದೆ ಬಿಟ್ಟುಹೋಗಿತ್ತಂತೆ. ಕವರಿನ ಫೋಟೋದ ಅಂಚಿನಲ್ಲಿ ಒಂದು ಮೊಣಕೈ. ಅದು ತಮ್ಮದೆಂದರು.

ನಾನಾಗ ಹತ್ತನೆಯ ತರಗತಿ, ಶಾಲೆಯ ಚರ್ಚಾ ತಂಡದ ನಾಯಕಿ. ಮೊಣಕೈ ಸಾಕ್ಷಿಯಾಗುವುದಿಲ್ಲ, ಹೇಳಿದವರೇ ಸಾಬೀತು ಮಾಡಬೇಕು ಎಂದೆ.

"ನಾನು ಕೇಸು ಹಾಕಿದ್ದೇನಾ ಮಾರಾಯ್ತಿ, ಸಾಕ್ಷಿ ತರ್ಲಿಕ್ಕೆ?"

ನನ್ನ ಬಳಿ ಎದುರು ಸಾಕ್ಷಿಯೇ ಇತ್ತು. ಪ್ರತಿ ಶುಕ್ರವಾರ ಊಟವಾದ ಮೇಲೆ ಅವರು ಬಾಲ್ಕನಿಯಲ್ಲಿ ಒಂದೇ ಹಾಡು ನುಡಿಸುತ್ತಿದ್ದರು. ಅರ್ಧ ದಾರಿಯಲ್ಲಿ ಗಿಟಾರ್ ನಿಂತುಬಿಡುತ್ತಿತ್ತು. ಪ್ರತಿ ಸಲವೂ ಅದೇ ಜಾಗ. ಆಮೇಲೆ ಏನೂ ಆಗದವರಂತೆ ಮುಂದುವರಿಸುತ್ತಿದ್ದರು. ಮೂವತ್ತು ವರ್ಷ ನುಡಿಸಿದವರು ತಮ್ಮ ಹಾಡನ್ನೇ ಮರೆಯುತ್ತಾರೆಯೇ ಎಂದು ಅವರ ಮುಖಕ್ಕೇ ಕೇಳಿದೆ. ಅವರು ತಕರಾರು ಮಾಡಲಿಲ್ಲ. ಗೆದ್ದೆ ಅಂದುಕೊಂಡೆ.

ತೈಲದ ಬೆಲೆ ಬಿದ್ದ ವರ್ಷಗಳವು. ನಮ್ಮ ತರಗತಿಯಲ್ಲಿ ಬೆಂಚುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಅಂಕಲ್‌ನ ಕಂಪನಿ ನಕ್ಷೆಯ ವಿಭಾಗವನ್ನೇ ಮುಚ್ಚಿತು. "ಖಲಾಸ್," ಎಂದಷ್ಟೇ ಅಪ್ಪನಿಗೆ ಹೇಳಿದರು. ಊರಿಗೆ ಹೊರಡುವ ದಿನ ಮೇಲೆ ಬಂದು ಕ್ಯಾಸೆಟ್ಟನ್ನು ನನ್ನ ಕೈಗಿಟ್ಟರು.

"ಉಳಿದದ್ದು ಇದೊಂದೇ. ಇಷ್ಟು ವರ್ಷದಲ್ಲಿ ಇದರ ಬಗ್ಗೆ ಕೇಳಿದವಳು ನೀನೊಬ್ಬಳೇ, ಜಗಳಕ್ಕಾದ್ರೂ. ನಾಲ್ಕು ಗಂಟೆಗೆ ನಾನು ಹೊರಡುದು. ಅಷ್ಟ್ರೊಳಗೆ ಕೇಳಿ ಕೊಡು."

ಕ್ಯಾಸೆಟ್ ಹಾಕಲು ಇದ್ದದ್ದು ಅಪ್ಪನ ಹಳೇ ಕಾರೊಂದೇ. ಎ.ಸಿ. ಹಾಕಿ ಕೂತೆ. ಎರಡನೆಯದು ಶುಕ್ರವಾರದ ಹಾಡು. ಆ ಜಾಗ ಹತ್ತಿರ ಬಂತು, ಗಿಟಾರ್ ನಿಂತಿತು. ಆ ಖಾಲಿಯೊಳಗೆ ಡ್ರಮ್ಮು ಒಂದೇ ನಡೆದು ಹೋಯಿತು, ಆಮೇಲೆ ಗಿಟಾರ್ ಮೆಲ್ಲನೆ ಬಂದು ಕೂಡಿಕೊಂಡಿತು. ಎದುರಿಗಿಲ್ಲದ ಡ್ರಮ್ಮಿನವನಿಗೆ ಅವರು ವಾರವಾರವೂ ಜಾಗ ಬಿಡುತ್ತಿದ್ದರು.

ಕ್ಯಾಸೆಟ್ಟಿನಿಂದ ಕಲಿತವರೂ ಅಲ್ಲೇ ನಿಲ್ಲಿಸಬಹುದಲ್ಲ ಎಂಬ ಆಕ್ಷೇಪ ನನಗೆ ಹೊಳೆಯದೆ ಇರಲಿಲ್ಲ. ಮಂಡಿಸುವ ಮನಸ್ಸಾಗಲಿಲ್ಲ. ಓಡಿದೆ. ಅವರು ಟ್ಯಾಕ್ಸಿಯ ಡಿಕ್ಕಿಗೆ ಸೂಟ್‌ಕೇಸು ಹಾಕುತ್ತಿದ್ದರು.

"ಅಂಕಲ್, ಅಲ್ಲಿ ಬೇಕೂಂತ್ಲೇ ನಿಲ್ಸೋದಾ?"

"ಮತ್ತೆ? ಅವನೂ ಮಾತಾಡ್ಬೇಕಲ್ಲ."

"ಮರ್ತಿದ್ದೀರಾ ಅಂದಾಗ ಯಾಕೆ ಹೇಳ್ಲಿಲ್ಲ?"

"ಹೇಳ್ಲಿಕ್ಕೆ ನೀನು ಎಲ್ಲಿ ನಿಲ್ಲಿಸಿದ್ದಿ?"

ಕ್ಯಾಸೆಟ್ಟನ್ನು ಅಂಗಿಯ ಜೇಬಿಗೆ ಇಳಿಸಿಕೊಂಡು ಹೋದರು. ನಂಬಿದೆಯಾ ಎಂದು ಕೇಳಲೇ ಇಲ್ಲ.

ಕಳೆದ ತಿಂಗಳು ಕಾಲೇಜಿನ ಚರ್ಚೆಯೊಂದರಲ್ಲಿ ಎದುರಾಳಿಗೆ ಪ್ರಶ್ನೆ ಹಾಕಿ, ಅವನ ಉತ್ತರಕ್ಕೆಂದು ಸುಮ್ಮನೆ ನಿಂತೆ. ಸಭೆ ಗುಸುಗುಟ್ಟಿತು. ತೀರ್ಪುಗಾರರು ಕನಿಕರದಿಂದ, "ಮರೆತುಹೋಯಿತೇನಮ್ಮಾ?" ಎಂದು ಕೇಳಿದರು.

ನಾನು ತಕರಾರು ಮಾಡಲಿಲ್ಲ.