ಅರ್ಧ ದಾಡಿಯ ಮಧ್ಯಾಹ್ನ

ಮೊನ್ನೆ ಗೋಳಗುಮ್ಮಟದ ಕಡೆ ಹೊಲಿದ ಬ್ಲೌಸುಗಳನ್ನು ಕೊಡಲು ಹೋಗಿದ್ದೆ. ಬಿಸಿಲು ನೆತ್ತಿಗೇರಿತ್ತು. ಆಟೋ ಸಿಗುವವರೆಗೆ ನೆರಳಿಗೆಂದು ಒಂದು ಹಳೆಯ ಕಟಿಂಗ್ ಅಂಗಡಿಯ ಮುಂದೆ ನಿಂತೆ. ಒಳಗೆ ಯಾರೋ ಬಟ್ಟಲಿನಲ್ಲಿ ದಾಡಿ ಸೋಪು ಕಲಸುತ್ತಿದ್ದರು. ಈಗೆಲ್ಲ ಟ್ಯೂಬಿನ ಕ್ರೀಮು, ಡಬ್ಬಿಯಿಂದ ಬುಸ್ಸೆಂದು ಬರುವ ನೊರೆ. ಇದು ಹಾಗಲ್ಲ. ಗುಂಡನೆಯ ಸೋಪು, ಒದ್ದೆ ಬ್ರಶ್ಶು, ಬಿಸಿನೀರಿನ ಹಬೆ... ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಇಬ್ರಾಹಿಂಪುರದ ನಮ್ಮ ಮನೆಯ ಪಡಸಾಲೆಯಲ್ಲಿದ್ದೆ. ಅಪ್ಪ ಮಂಚದ ಮೇಲೆ ದಿಂಬಿಗೊರಗಿ, ಕಣ್ಣು ಮುಚ್ಚಿ ಮುಖ ಮೇಲೆತ್ತಿದ್ದ. ಕಟಿಂಗ್ ಅಂಗಡಿ ಕಾಕಾ ಅವನ ಮೇಲೆ ಬಾಗಿ ನಿಂತಿದ್ದರು.

ಅವರನ್ನು ಇಡೀ ಓಣಿ ಕಟಿಂಗ್ ಅಂಗಡಿ ಕಾಕಾ ಎಂದೇ ಕರೆಯುತ್ತಿತ್ತು. ರೈಲ್ವೆ ಗೇಟಿನ ಪಕ್ಕದಲ್ಲಿ ತಗಡಿನ ಅಂಗಡಿ, ಒಂದೇ ಕುರ್ಚಿ, ಮೂಲೆ ಒಡೆದ ಕನ್ನಡಿ. ತೆಳ್ಳನೆಯ ಮನುಷ್ಯ. ಒಂದು ಭುಜ ತುಸು ಇಳಿದಿತ್ತು, ಎಷ್ಟೋ ವರ್ಷ ಬಾಗಿ ಬಾಗಿ ಹಾಗಾಗಿತ್ತೇನೋ. ಗೇಟು ಬಿದ್ದಾಗ ನಿಂತ ಸೈಕಲ್ಲಿನವರು, ಟಂಟಂನವರು ಅವರೊಡನೆ ಎರಡು ಮಾತಾಡಿಯೇ ಮುಂದೆ ಹೋಗುತ್ತಿದ್ದರು.

ಅಪ್ಪ ಸಾರವಾಡದವನು. ಹರೆಯದಲ್ಲಿ ಕುರಿ ಕಾಯುತ್ತಿದ್ದ. ಆಮೇಲೆ ಇದ್ದ ಹೊಲದಲ್ಲಿ ಜೋಳ, ಕಡಲೆ ಬೆಳೆದು ನನ್ನನ್ನೂ ಅಣ್ಣನನ್ನೂ ಸಾಕಿದ. ಅವ್ವ ತೀರಿಕೊಂಡ ಮೇಲೆ ಊರಿನ ಮನೆಯಲ್ಲಿ ಒಬ್ಬನೇ ಕೂತು ಬಾಗಿಲನ್ನೇ ನೋಡುತ್ತಿದ್ದ. ನಾಲ್ಕು ದಿನ ಇದ್ದು ಹೋಗಲೆಂದು ನಾನು ಇಬ್ರಾಹಿಂಪುರಕ್ಕೆ ಕರೆತಂದೆ. ಆ ನಾಲ್ಕು ದಿನ ಮುಗಿಯುವ ಮೊದಲೇ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಾಲಗೆಯ ಮೇಲೆ ಮುದ್ದೆಯಾಯಿತು. ನನ್ನ ಗಂಡನಿಗೆ ಸೊಲ್ಲಾಪುರದ ಕಡೆ ಕೆಲಸ, ವಾರಕ್ಕೊಮ್ಮೆ ಬರುವವರು. ಹೊಲಿಗೆ ಮಷೀನನ್ನು ಅಪ್ಪನ ಮಂಚದ ಪಕ್ಕಕ್ಕೇ ಎಳೆದುಕೊಂಡೆ. ಕಾಲು ಮಷೀನಿನ ಮೇಲೆ, ಕಣ್ಣು ಅವನ ಮೇಲೆ.

ಬಳಗ ಇರಲಿಲ್ಲವೆಂದಲ್ಲ. ಅಣ್ಣ ತಿಕೋಟಾದಲ್ಲಿ ದ್ರಾಕ್ಷಿ ತೋಟ ಮಾಡಿದ್ದ. ಬಂದರೆ ಹೊಸ್ತಿಲಲ್ಲೇ ನಿಂತು, ಹಣ್ಣಿನ ಚೀಲವನ್ನು ಬಾಗಿಲ ಮಗ್ಗುಲಿಗೆ ಇಟ್ಟು, "ಚಾಟ್ನಿ ನಡದೈತಿ ತಂಗಿ, ಆಳ ಬಿಟ್ಟ ಬಂದೇನಿ" ಎನ್ನುತ್ತಿದ್ದ. ಬಳ್ಳಿ ಕತ್ತರಿಸುವ ಚಾಟ್ನಿ ಮುಗಿದರೆ ಔಷಧ ಹೊಡೆಯುವುದು, ಅದು ಮುಗಿದರೆ ಒಣದ್ರಾಕ್ಷಿಯ ಶೆಡ್ಡು. ಅವನ ತೋಟಕ್ಕೆ ಬಿಡುವೆಂಬುದೇ ಇರಲಿಲ್ಲ. ಅಪ್ಪನ ತಂಗಿ, ನಮ್ಮ ಸಾರವಾಡದ ಅತ್ತೆ, ಅಮಾವಾಸ್ಯೆಗೊಮ್ಮೆ ಬಸ್ಸಿಳಿದು ಬರುತ್ತಿದ್ದಳು. ಬಂದವಳು ಚಹಾ ಕುಡಿಯುತ್ತ ಅಪ್ಪನ ಎದೆಗೂಡು ನೋಡಿ, "ಎಷ್ಟ ಸೊರಗ್ಯಾನ ಬೇ ನಮ್ಮಣ್ಣ! ಹೊಟ್ಟಿಗೆ ಹಾಕ್ತಿಯೋ ಇಲ್ಲೋ?" ಎಂದು ಕೇಳುತ್ತಿದ್ದಳು. ಯಾರೋ ಕೊಟ್ಟ ಎಣ್ಣೆಯ ಬಾಟಲಿ ಇಟ್ಟು, ಹೀಗೆ ತಿಕ್ಕು, ಹಾಗೆ ತಿಕ್ಕು ಎಂದು ಹೇಳಿ ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಅವರು ಹೋದ ಮೇಲೆ ನಾನು ಮಷೀನು ತುಳಿಯುತ್ತಾ ಮನಸ್ಸಿನಲ್ಲೇ ಅವರೊಂದಿಗೆ ಜಗಳಾಡುತ್ತಿದ್ದೆ. ಎಷ್ಟೋ ಸಲ ದಾರ ಹರಿದದ್ದೂ ತಿಳಿಯುತ್ತಿರಲಿಲ್ಲ.

ಅಪ್ಪನ ಗಡ್ಡ ಬೆಳೆದು ಜೊಲ್ಲಿಗೆ ಅಂಟಿಕೊಳ್ಳತೊಡಗಿದಾಗ ಕಾಕಾನ ಅಂಗಡಿಗೆ ಹೋಗಿ ಕೇಳಿದೆ. ಅವರು ಕೂಡಲೇ ಸೋಪು, ಬ್ರಶ್ಶು, ಕತ್ತಿ, ಪಟಿಕದ ತುಂಡನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ನನ್ನ ಹಿಂದೆಯೇ ಬಂದರು. ಅಂದಿನಿಂದ ಗಿರಾಕಿಗಳು ತೆಳುವಾಗುವ ಮಧ್ಯಾಹ್ನಗಳಲ್ಲಿ, ನಾನು ಕರೆಯದೆಯೇ, ಬಾಗಿಲಲ್ಲಿ ಅವರ ಕೆಮ್ಮು ಕೇಳಿಸುತ್ತಿತ್ತು.

ಆ ಮಧ್ಯಾಹ್ನಗಳು ಈಗಲೂ ಕನಸಿನ ಹಾಗೆ ಕಾಣುತ್ತವೆ... ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದು ನೆಲದ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಹಬೆಯಾಡುವ ಒದ್ದೆ ಬಟ್ಟೆಯನ್ನು ಕಾಕಾ ಅಪ್ಪನ ಮುಖದ ಮೇಲೆ ಹಾಸಿ ಸುಮ್ಮನೆ ಕೂರುತ್ತಿದ್ದರು. ಅಪ್ಪ ಎಚ್ಚರಕ್ಕೂ ನಿದ್ದೆಗೂ ನಡುವೆ ಎಲ್ಲೋ ತೇಲುತ್ತಿದ್ದ. ಆಗ ಕಾಕಾ ಅಪ್ಪನನ್ನು ಕೇಳುವರು:

"ಅಣ್ಣಾರ, ಇವತ್ತ ಕುರಿ ಯಾವ ಕಡೆ ಹೋಗ್ಯಾವ್ರಿ?"

ಮೊದಲ ಸಲ ಕೇಳಿದಾಗ ನನಗೆ ಕಸಿವಿಸಿಯಾಗಿತ್ತು. ಆದರೆ ಅಪ್ಪನ ತುಟಿಗಳು ಅಲುಗಿದವು. ಮುದ್ದೆಯಾದ ಮಾತು ಬಿಡಿಬಿಡಿಯಾಗಿ ಹೊರಬಂತು. ಡೋಣಿ ಹೊಳಿ... ಕರಿ ಹೊಲ... ಜಾಲಿಗಿಡದ ನೆರಳು... ಕಾಕಾ ಒಂದೊಂದಕ್ಕೂ "ಹೌದ್ರಿ, ಅಲ್ಲಿ ಹುಲ್ಲ ಚಲೋ ಇರತೈತಿ" ಎಂದು ಅವನ ಜೊತೆಗೇ ನಡೆದವರಂತೆ ಉತ್ತರಿಸುತ್ತ, ಗಲ್ಲದ ಮೇಲೆ ಕತ್ತಿ ಜಾರಿಸುತ್ತಿದ್ದರು. ನಾನು ಹೊಲಿಗೆ ನಿಲ್ಲಿಸಿ ಕೇಳುತ್ತಿದ್ದೆ. ನಾನು ಹುಟ್ಟುವ ಮೊದಲಿನ ಬಯಲು ಅದು. ಆ ಬಯಲಿನಲ್ಲಿ ಅಪ್ಪನ ಎರಡೂ ಕಾಲು ಚೆನ್ನಾಗಿದ್ದವು.

ಒಂದು ದಿನ ನಾನು ಅತ್ತೆಯ ಮಾತನ್ನೆಲ್ಲ ಕಾಕಾನ ಮುಂದೆ ಹೇಳಿಕೊಂಡು ಕಣ್ಣೀರು ಹಾಕಿದೆ. ಅವರು ಬ್ರಶ್ಶು ತೊಳೆಯುತ್ತ ಹೇಳಿದರು: "ಬಂದವ್ರ ಮಾತಿಗೆ ಉತ್ತರ ಕೊಡಾಕ ಹೋಗಬ್ಯಾಡ ತಂಗಿ. ಕೈಯಾಗ ಒಂದ ಕೆಲಸಾ ಕೊಡು. ಮಾಡಿದ್ರ ನಿನಗ ಹಗರ ಆಗತೈತಿ. ಮಾಡಲಿಲ್ಲಂದ್ರ ಮಾತರ ಕಮ್ಮಿ ಆಗತಾವ."

ಮುಂದಿನ ಅಮಾವಾಸ್ಯೆಗೆ ಅತ್ತೆ ಬಂದು "ಸೊರಗ್ಯಾನ" ಎಂದು ಶುರುಮಾಡುತ್ತಲೇ ಗಂಜಿಯ ಬಟ್ಟಲನ್ನು ಅವಳ ಕೈಗಿಟ್ಟೆ. "ಅತ್ತಿ, ನಿಮ್ಮ ಕೈಲೆ ಉಣ್ಣಸ್ರಿ. ತಂಗಿ ಕೈ ಅಂದ್ರ ಎರಡ ತುತ್ತ ಹೆಚ್ಚ ತಿಂದಾನು." ಅವಳು ಒಂದು ಚಮಚ ಬಾಯಿಗಿಟ್ಟಳು. ಅರ್ಧ ಒಳಗೆ, ಅರ್ಧ ಗದ್ದದ ಮೇಲೆ. ಎರಡನೆಯ ಚಮಚಕ್ಕೆ ಅವಳ ಮೊಣಕಾಲು ನೋಯತೊಡಗಿತು. ಅಂದು ಊರಿಗೆ ಮಧ್ಯಾಹ್ನದ ಬಸ್ಸೇ ಹಿಡಿದಳು. ನಾನು ಬಹಳ ದಿನದ ಮೇಲೆ ಒಬ್ಬಳೇ ಕೂತು ನಕ್ಕೆ.

ನಗು ಬಹಳ ಕಾಲ ಉಳಿಯಲಿಲ್ಲ. ಅಪ್ಪನಿಗೆ ನುಂಗುವುದು ಕಷ್ಟವಾಗುತ್ತ ಬಂತು. ಆ ಸುದ್ದಿ ಸಾರವಾಡಕ್ಕೂ ತಿಕೋಟಾಕ್ಕೂ ಮುಟ್ಟಿತು. ಒಂದು ಮಧ್ಯಾಹ್ನ ಕಾಕಾ ದಾಡಿ ಮಾಡುತ್ತಿರುವಾಗ ಬಾಗಿಲಿಗೆ ಒಂದು ಗಾಡಿ ಬಂದು ನಿಂತಿತು. ಅಣ್ಣನೂ ಅತ್ತೆಯೂ ಇಳಿದರು. ಅಣ್ಣ ಈ ಸಲವೂ ಹೊಸ್ತಿಲಲ್ಲೇ ನಿಂತ.

"ತಂಗಿ, ಅಪ್ಪನ ಅರಿವಿ ಗಂಟ ಕಟ್ಟು. ಸಾರವಾಡಕ್ಕ ಕರಕೊಂಡ ಹೊಂಟೀವಿ."

"ಅಲ್ಲಿ ಮನಿ ಕೀಲಿ ಹಾಕೈತಲ್ಲಣ್ಣಾ. ಯಾರ ನೋಡ್ಕೋತಾರ?"

"ಒಂದ ಹೆಣ್ಣಾಳ ಇಡೂಣು. ನಾನೂ ಬಂದ ಹೋಗಿ ಮಾಡ್ತೇನಿ."

ಅತ್ತೆ ಸೆರಗು ಬಿಗಿದು ಮುಂದೆ ಬಂದಳು. "ಇನ್ನ ನೋಡ್ಕೊಳ್ಳೂದರ ಏನೈತಿ ಬೇ? ಗಂಡಮಗ ಇದ್ದೂ ಮಗಳ ಮನ್ಯಾಗ ಜೀವಾ ಹೋತಂದ್ರ ಮಂದಿ ಏನಂದಾರು? ನಾವ ಮಾರಿ ಎತ್ತಿ ತಿರಗಬೇಕೋ ಬ್ಯಾಡೋ?"

ಅಪ್ಪನ ಕಿವಿಯ ಹತ್ತಿರವೇ ನಿಂತು ಅಂದಳು ಇದನ್ನು. ಅವನಿಗೆ ಕೇಳುವುದಿಲ್ಲವೇನೋ ಎಂಬಂತೆ. ಅವರು ಅವನನ್ನು ಸಾಕಲು ಒಯ್ಯುತ್ತಿರಲಿಲ್ಲ, ಸಾಯಲು ಒಯ್ಯುತ್ತಿದ್ದರು. ಅಣ್ಣ ಹಿರಿಯ, ಗಂಡುಮಗ. ಗಂಡ ಊರಲ್ಲಿಲ್ಲ. ಯಾವ ಬಾಯಿಂದ ಬೇಡ ಅನ್ನಲಿ?

ಕಾಕಾ ಕತ್ತಿ ಎತ್ತಿ ಹಿಡಿದಿದ್ದರು. ಅಪ್ಪನ ಒಂದು ಗಲ್ಲ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ನೊರೆ.

"ಸಾವ್ಕಾರ, ಅರ್ಧಾ ದಾಡಿ ಆಗೇತ್ರಿ. ಹಿಂಗ ಹೆಂಗ ಎಬ್ಬಸೂದು? ಊರ ಮಂದಿ ನಕ್ಕಾರು" ಎಂದರು ಅಣ್ಣನಿಗೆ, ಮೆಲ್ಲಗೆ.

"ಲಗೂ ಮುಗಸ್ರಿ ಕಾಕಾ."

"ಲಗೂ ಆಗಬೇಕಂದ್ರ ನೀವೂ ಒಂದ ಕೈ ಹಚ್ಚರಿ. ಅಣ್ಣಾರ ಕುತಗಿ ನಿಲ್ಲವಲ್ತು. ಹಿಂದ ನಿಂತ ತಲಿ ಹಿಡೀರಿ."

ಅಣ್ಣ ತನ್ನ ಬಿಳಿ ಅಂಗಿಯನ್ನೊಮ್ಮೆ ನೋಡಿಕೊಂಡ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದ. ಲಕ್ವಾ ಹೊಡೆದ ಮೇಲೆ ಅವನು ಅಪ್ಪನನ್ನು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಕಾದ ಪಾತ್ರೆಯನ್ನು ಮುಟ್ಟುವಂತೆ ಬೆರಳ ತುದಿಯಿಂದ ಹಿಡಿದ.

"ಹಂಗಲ್ರಿ, ಅಂಗೈಯಾಗ ಹಿಡೀರಿ. ಕೂಸಿನ ತಲಿ ಹಿಡದಂಗ."

ಅಣ್ಣ ಅಂಗೈ ಅಗಲಿಸಿದ. ಅಪ್ಪನ ತಲೆ ಹಿಂದಕ್ಕೆ ವಾಲಿ ಅವನ ಹೊಟ್ಟೆಗೆ ಒರಗಿತು. ಬಿಳಿ ಅಂಗಿಗೆ ನೊರೆ ಅಂಟಿತು. ಕಾಕಾನ ಕತ್ತಿ ಅಷ್ಟು ನಿಧಾನವಾಗಿ ಚಲಿಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆದ ಜಾಗಕ್ಕೇ ಮತ್ತೆ ನೊರೆ ಹಚ್ಚಿದರು. ಹೊರಗೆ ಗಾಡಿಯವನು ಹಾರನ್ ಹೊಡೆದ. ಯಾರೂ ತಿರುಗಿ ನೋಡಲಿಲ್ಲ. ಕೋಣೆಯೊಳಗೆ ಹೊತ್ತು ನಿಂತುಬಿಟ್ಟಂತಿತ್ತು...

"ಅಣ್ಣಾರ, ಇವತ್ತ ಕುರಿ ಯಾವ ಕಡೆ ಹೋಗ್ಯಾವ್ರಿ?"

"ಡೋಣಿ... ದಂಡಿಗೆ."

ಅಣ್ಣ ಬೆಚ್ಚಿ ನನ್ನತ್ತ ನೋಡಿದ. ಅಪ್ಪನಿಗೆ ಮಾತೇ ಹೋಗಿದೆ ಎಂದು ತಿಳಿದಿದ್ದನವನು.

"ಜೋಡಿ ಯಾರ ಅದಾರ್ರಿ?"

ಅಪ್ಪ ತಡವರಿಸುತ್ತ ಹೇಳಿದ: "ಹುಡುಗ... ಹೆಗಲ ಮ್ಯಾಲ ಅದಾನ. ನಿದ್ದಿ... ಹತ್ತೈತಿ ಅವಗ."

ಅಣ್ಣ ಅಪ್ಪನ ತಲೆಯನ್ನು ಇನ್ನಷ್ಟು ಹತ್ತಿರಕ್ಕೆ ಒತ್ತಿಕೊಂಡ. ಕಾಕಾ ಕತ್ತಿಯನ್ನು ದೂರ ಹಿಡಿದು ಕಾದರು. "ಯಪ್ಪಾ" ಎಂದ ಅಣ್ಣ. ಅಷ್ಟೇ. ಅವನ ಕಣ್ಣೀರು ಅಪ್ಪನ ಹಣೆಯ ಮೇಲೆ ಬಿತ್ತು. ಅಪ್ಪ ಮಳೆಹನಿ ಬಿದ್ದವನಂತೆ ಕಣ್ಣು ತೆರೆದ.

ಕಾಕಾ ಕೇಳಿದರು: "ಅಣ್ಣಾರ, ಸಾರವಾಡಕ್ಕ ಹೋಗೂಣೇನ್ರಿ?"

ಅಪ್ಪನ ಕಣ್ಣುಗಳು ಕೋಣೆಯನ್ನೆಲ್ಲ ಹುಡುಕಿ ನನ್ನ ಮೇಲೆ ಬಂದು ನಿಂತವು. "ಯಾಕ? ಆಕಿ... ಇಲ್ಲೇ ಅದಾಳಲ್ಲ."

ಆಕಿ ಎಂದರೆ ನಾನೋ, ಅವ್ವನೋ... ನನಗೆ ಇಂದಿಗೂ ಗೊತ್ತಿಲ್ಲ.

ದಾಡಿ ಮುಗಿಯಿತು. ಅಣ್ಣ ಅಪ್ಪನ ತಲೆಯನ್ನು ದಿಂಬಿನ ಮೇಲೆ ಮೆಲ್ಲಗೆ ಇಳಿಸಿ, ಹೊರಗೆ ಹೋಗಿ ಗಾಡಿಯವನಿಗೆ ಏನೋ ಹೇಳಿದ. ಅತ್ತೆ ಹಿಂದೆಯೇ ಹೋದಳು. "ಅಲ್ಲಲೇ, ಇನ್ನ ಊರ ಮಂದಿಗೆ ಏನ್ ಹೇಳೂದು?"

"ದಾಡಿ ಮುಗೀಲಿಲ್ಲಂತ ಹೇಳ, ಅತ್ತಿ."

ಅತ್ತೆಯೊಬ್ಬಳನ್ನೇ ಕೂರಿಸಿಕೊಂಡು ಗಾಡಿ ಹೋಯಿತು. ಅಣ್ಣ ಅಂದು ಸಂಜೆಯವರೆಗೂ ಅಪ್ಪನ ಬಿದ್ದ ಕೈಯನ್ನು ಹಿಡಿದು ಕೂತಿದ್ದ. ಅವನು ಪೂರಾ ಬದಲಾದ ಎಂದರೆ ಸುಳ್ಳಾಗುತ್ತದೆ. ತೋಟದ ಕೆಲಸ ಮತ್ತೆ ಬಂತು, ನೆಪಗಳೂ ಬಂದವು. ಆದರೆ ಬಂದ ದಿನ ಒಳಗೆ ಬರುತ್ತಿದ್ದ, ಕೈಯಾರೆ ಗಂಜಿ ಉಣ್ಣಿಸುತ್ತಿದ್ದ. ಅತ್ತೆ ಮಾತ್ರ, ನಾನು ಅವಳಣ್ಣನನ್ನು ಸ್ವಂತ ಹೊಸ್ತಿಲಿಂದ ತಪ್ಪಿಸಿದೆನೆಂದು ಊರೆಲ್ಲ ಹೇಳಿಕೊಂಡು ಬಂದಳು. ಈಗಲೂ ಹೇಳುತ್ತಾಳೆ. ಮೊದಮೊದಲು ಚುಚ್ಚುತ್ತಿತ್ತು. ಆಮೇಲೆ ಅದು ದೂರದ ಮನೆಯ ರೇಡಿಯೋ ಇದ್ದಂತಾಯಿತು.

ಒಮ್ಮೆ ಕಾಕಾನನ್ನು ಕೇಳಿದೆ: "ಯಾವತ್ತೂ ನೀವೊಬ್ರ ಮಾಡ್ತೀರಿ. ಆವತ್ತಷ್ಟ ಅಪ್ಪನ ಕುತಗಿ ಹೆಂಗ ನಿಲ್ಲಲಿಲ್ರಿ?"

ಅವರು ಕತ್ತಿ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ. "ವಯಸ್ಸಾತವ್ವಾ... ಕೈ ಸಾಲಂಗಿಲ್ಲ" ಎಂದರು.

ಹಿಂಗಾರಿ ಜೋಳ ತೆನೆ ಬಿಡುವ ಹೊತ್ತಿಗೆ ಅಪ್ಪ ಹೋದ. ಒಂದು ಮುಂಜಾನೆ, ನನ್ನ ಮನೆಯಲ್ಲಿ, ನಿದ್ದೆಯಲ್ಲೇ. ಕಾಕಾ ಅಂಗಡಿಯ ಬಾಗಿಲೆಳೆದು ಬಂದು, ಓಣಿಯ ಗಂಡಸರ ನಡುವೆ ಕೈಕಟ್ಟಿ ನಿಂತಿದ್ದರು.

ಕೆಲವು ವರ್ಷಗಳ ಮೇಲೆ ರೈಲ್ವೆ ಗೇಟಿನ ಬಳಿ ಸೇತುವೆಯಾಯಿತು. ತಗಡಿನ ಅಂಗಡಿಗಳೆಲ್ಲ ಹೋದವು. ಕಾಕಾ ಬಬಲೇಶ್ವರದಲ್ಲಿದ್ದ ಮಗಳ ಮನೆಗೆ ಹೋದರೆಂದು ಕೇಳಿ ಒಂದು ದಿನ ಬಸ್ಸು ಹತ್ತಿದೆ. ಅವರು ಕಟ್ಟೆಯ ಮೇಲೆ ಕೂತಿದ್ದರು, ಇನ್ನಷ್ಟು ಸಣ್ಣಗಾಗಿ. ನನ್ನನ್ನು ಬಹಳ ಹೊತ್ತು ನೋಡಿ, ಕೊನೆಗೆ ಮುಖ ಅರಳಿಸಿದರು.

"ಅಣ್ಣಾರ ಆರಾಮ ಅದಾರೇನವ್ವಾ? ಈ ವಾರ ನನಗ ಬರಾಕ ಆಗಲಿಲ್ಲ ನೋಡು."

ಅವರ ಹಿಂದೆ ನಿಂತಿದ್ದ ಮಗಳು ಮರೆವೆಂದು ಕೈಸನ್ನೆ ಮಾಡಿದಳು. ನಾನು ಹೇಳಿದೆ: "ಆರಾಮ ಅದಾರ್ರಿ ಕಾಕಾ. ನೀವ ಸಾವಕಾಶ ಬರ್ರಿ."

ಅವರ ಗದ್ದದ ಮೇಲೆ ಅಲ್ಲಲ್ಲಿ ಸಣ್ಣ ಗಾಯಗಳಿದ್ದವು. "ನನಗ ಸರಿಯಾಗಿ ಬರಂಗಿಲ್ರಿ ಅಕ್ಕಾ, ಆದ್ರೂ ನಾನ ಮಾಡ್ತೇನಿ" ಎಂದಳು ಮಗಳು. "ಅವ್ವ ಹೋದ ಮ್ಯಾಲ ಯಾರೂ ಇತ್ಲಾಗ ಬರಂಗಿಲ್ಲ. ಬಂದ್ರೂ, ಹಿಂಗ್ಯಾಕ ಇಟ್ಟೀ ಅಂತ ನನಗ ಬೈದ ಹೋಗ್ತಾರ." ಅವಳ ಕಣ್ಣ ಕೆಳಗಿನ ಕಪ್ಪನ್ನು ನಾನು ಒಂದು ಕಾಲಕ್ಕೆ ನನ್ನ ಕನ್ನಡಿಯಲ್ಲಿ ನೋಡಿದ್ದೆ. "ನೀ ಒಂದ ತಾಸ ಮಲಕೊಂಡ ಏಳು. ನಾ ಕುಂತಿರ್ತೇನಿ" ಎಂದೆ. ಅವಳು ಬೇಡವೆನ್ನಲಿಲ್ಲ. ಆಮೇಲೆ ಬಿಡುವಾದಾಗೆಲ್ಲ ಹೋಗಿ ಬರುತ್ತಿದ್ದೆ. ಕಾಕಾ ಪ್ರತಿಸಲವೂ ಅಪ್ಪ ಆರಾಮವೇ ಎಂದು ಕೇಳುತ್ತಿದ್ದರು. ಆ ಕಟ್ಟೆಯ ಮೇಲೆ ಕೂತಷ್ಟು ಹೊತ್ತು ಅಪ್ಪ ನನಗೂ ಬದುಕಿರುತ್ತಿದ್ದ...

ಕಾಕಾ ಕಳೆದ ಬೇಸಿಗೆಯಲ್ಲಿ ತೀರಿಕೊಂಡರು. ಅಪ್ಪನ ಬಗ್ಗೆ ಹಾಗೆ ಕೇಳುವವರು ಈಗ ಯಾರೂ ಇಲ್ಲ.

ಮೊನ್ನೆ ಗೋಳಗುಮ್ಮಟದ ಕಡೆಯಿಂದ ಮನೆಗೆ ಬಂದ ನಾನು ಹೊಲಿಗೆಗೆ ಕೂರಲಿಲ್ಲ. ಬಬಲೇಶ್ವರಕ್ಕೆ ಫೋನ್ ಮಾಡಿದೆ. ಕಾಕಾನ ಮಗಳು ಎತ್ತಿದಳು. ಆರಾಮವೇ ಎಂದು ಕೇಳಿದೆ.

"ಆರಾಮ್ರಿ ಅಕ್ಕಾ. ಈಗ ಏನ್ ಕೆಲಸಾನ ಇಲ್ಲ" ಎಂದಳು. ಆಮೇಲೆ, "ಮಧ್ಯಾನದಾಗ ಏನ್ ಮಾಡಬೇಕ ತಿಳೀವಲ್ತು" ಎಂದಳು.

"ನನಗೂ ಹಂಗ ಆಗಿತ್ತವ್ವಾ."

ಆಮೇಲೂ ಬಹಳ ಹೊತ್ತು ಇಬ್ಬರೂ ಫೋನ್ ಇಡಲಿಲ್ಲ.